ಕುಣಿಗಲ್ ಕೆರೆಯ ಹಾಡನ್ನು ಗುಬ್ಬಿಯಲ್ಲಿ ಹಾಡುವ ಮುನ್ನ

(ತುಮಕೂರಿನಲ್ಲಿ ವಿದ್ಯಾರ್ಥಿಗಳು ಹಾಗೂ ಬೆಟ್ಟದ ಊರುಗಳ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಗುಬ್ಬಿಯಲ್ಲಿ ನಡೆಯಲಿರುವ ಗಾಯನ ಸಂಜೆಗೆ ಈಗಾಗಲೇ ತಾಲೀಮು ಆರಂಭವಾಗಿದೆ. ಸಿ. ಅಶ್ವಥ್ ಅವರು ಸ್ವರ ಸಂಯೋಜಿಸಿದ ಗೀತೆಗಳೇ ಅಂದಿನ ಮುಖ್ಯ ಭಾಗ. ಅವುಗಳ ಜೊತೆಗೆ ‘ಮೂಡಲ್ ಕುಣಿಗಲ್ ಕೆರೆ’ ಎಂಬ ಜನಪದ ಗೀತೆಯನ್ನೂ ಹಾಡಬೇಕೆಂದು ವಿದ್ಯಾರ್ಥಿಗಳು ಬಯಸಿದ್ದಾರೆ. ಆದರೆ ತಾಲೀಮಿನ ನಡುವೆಯೇ ಒಂದು ಪ್ರಶ್ನೆ ಎದ್ದಿದೆ. ಹೇಮಾವತಿಯ ನೀರಿಗಾಗಿ ಎರಡು ತಾಲ್ಲೂಕುಗಳ ನಡುವೆ ಮನಸ್ತಾಪವಿರುವಾಗ ಕುಣಿಗಲ್ ಕೆರೆಯ ವೈಭವವನ್ನು ಗುಬ್ಬಿಯ ವೇದಿಕೆಯಲ್ಲಿ ಹಾಡುವುದು ಸರಿಯೇ? ಈ ಪ್ರಶ್ನೆಯನ್ನು ಅಲಕ್ಷಿಸಬಾರದು. ಉತ್ತರಕ್ಕಾಗಿ ಮೊದಲು ಅಶ್ವಥ್ ಅವರ ಬದುಕಿನತ್ತ ನೋಡುವುದು ಒಳ್ಳೆಯದು.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಕುಣಿಗಲ್ಲಿನಿಂದ ಹಾಸನದ ಹಾದಿಯಲ್ಲಿ ಸಿಗುವ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿ ಮಾಡಿದರು. ದೂರವಾಣಿ ಉಪಕರಣಗಳ ಕಾರ್ಖಾನೆಯ ದುಡಿಮೆ ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ. ಎರಡನ್ನೂ ಅವರು ಬಿಡಲಿಲ್ಲ. ಸಂಗೀತವನ್ನೇ ಹೊಟ್ಟೆಪಾಡಾಗಿ ನೆಚ್ಚಲಾಗದ ಸಾವಿರಾರು ಕಲಾವಿದರಿಗೆ ಈ ಸಂಗತಿಯೇ ಒಂದು ಧೈರ್ಯ.

ಚಲನಚಿತ್ರಕ್ಕೆ ಅವರು ಮೊದಲು ಸಂಗೀತ ನೀಡಿದ್ದು 1977ರ ‘ಕಾಕನಕೋಟೆ’ಗೆ. ಮಾಸ್ತಿಯವರ ನಾಟಕವನ್ನು ಸಿ. ಆರ್. ಸಿಂಹ ತೆರೆಗೆ ತಂದಿದ್ದರು. ಕಾಡು ಕುರುಬರ ಬದುಕೇ ಅದರ ವಸ್ತು. ಪರಿಸರದ ಕೆಲಸದಲ್ಲಿ ತೊಡಗಿರುವವರು ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ಚಿತ್ರ ಬರುವ ಹೊತ್ತಿಗೆ, 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಕಾಕನಕೋಟೆ ಸೀಮೆಯ ಕಾಡಿನ ಒಂದು ಭಾಗವನ್ನು ಮುಳುಗಿಸಿಯಾಗಿತ್ತು. ಹಾಡು ನಾಡಿನ ಮನೆಮನೆ ತಲುಪಿತು. ಅದು ಹೇಳುತ್ತಿದ್ದ ಕಾಡು ಮಾತ್ರ ಕುಗ್ಗಿತ್ತು. ಹಾಡು ಉಳಿದ ಮಾತ್ರಕ್ಕೆ ಅದರೊಳಗಿನ ನೆಲ ಉಳಿಯುವುದಿಲ್ಲ ಎಂಬ ಎಚ್ಚರ ನಮ್ಮಲ್ಲಿರಬೇಕು.

ಅಶ್ವಥ್ ಕವಿಗಳಲ್ಲ. ಅವರು ಬರೆದದ್ದು ಸ್ವರವನ್ನು. ಪುಸ್ತಕದಲ್ಲಿದ್ದ ಪದ್ಯವನ್ನು ತೆಗೆದು ಜನರ ಬಾಯಿಗೆ ಕೊಟ್ಟರು. 19ನೆಯ ಶತಮಾನದ ಶಿಶುನಾಳ ಷರೀಫರ ತತ್ತ್ವಪದಗಳು ಈಗಿನ ಹಾವೇರಿ ಜಿಲ್ಲೆಯ ಆಡುಮಾತಿನಲ್ಲಿ ಹುಟ್ಟಿದವು. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ಬಂದಾಗ ಅಶ್ವಥ್ ಅವರ ಏರುದನಿಯ ಮೂಲಕ ಅವು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲೂ ಮೊಳಗಿದವು. ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಆಧರಿಸಿದ ‘ಮೈಸೂರು ಮಲ್ಲಿಗೆ’ ಚಿತ್ರಕ್ಕೂ, 1992ರಲ್ಲಿ, ಅವರದೇ ಸಂಗೀತ. ಒಂದು ಸೀಮೆಯ ಪದವನ್ನು ಇನ್ನೊಂದು ಸೀಮೆಯವರು ತಮ್ಮದೆಂದು ಹಾಡುವಂತೆ ಮಾಡಿದ್ದೇ ಅವರ ದೊಡ್ಡ ಸಾಧನೆ.

ಅದರ ಶಿಖರ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’. ಸುಗಮ ಸಂಗೀತವೆಂದರೆ ಸಭಾಂಗಣದ ನೂರಿನ್ನೂರು ಕುರ್ಚಿಗಳ ಕಲೆಯೆಂದು ಭಾವಿಸಿದ್ದವರ ಮುಂದೆ ಸುಮಾರು ಒಂದು ಲಕ್ಷ ಜನ ಬಯಲಿನಲ್ಲಿ ಸೇರಿದರು. ಪಾಶ್ಚಾತ್ಯ ರಾಕ್ ಗಾಯಕರಿಗೆ ಸೇರುವಂತಹ ಜನಸ್ತೋಮ ಕನ್ನಡ ಕವಿತೆಗಾಗಿ ಸೇರಿತು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು.

ಇನ್ನು ಕುಣಿಗಲ್ ಕೆರೆಯ ಹಾಡು. ಅದನ್ನು ಕಟ್ಟಿದವರ ಹೆಸರಿಲ್ಲ. ತುಂಬಿದ ಕೆರೆಯನ್ನೂ ಅದರ ಮೇಲೆ ಮೂಡುವ ಚಂದ್ರನನ್ನೂ ಕಂಡು ಹಿಗ್ಗಿದ ಜನ ಕಟ್ಟಿದ ಹಾಡು ಅದು. ಕುಣಿಗಲ್ಲನ್ನು ಕಾಣದವರೂ ಆ ಕೆರೆಯನ್ನು ಬಲ್ಲರು. ಆ ಹಾಡಿನಲ್ಲಿ ಕಾಲುವೆಯ ನೀರಿಗೆ ಕಾಯುವ ಮಾತಿಲ್ಲ. ಅದು ಮಳೆಯಿಂದ ತುಂಬುತ್ತಿದ್ದ ಕೆರೆ.

ಇಂದು ಈ ಜಿಲ್ಲೆಯ ಅನೇಕ ಕೆರೆಗಳು ಗೊರೂರಿನ ಹೇಮಾವತಿ ಜಲಾಶಯದತ್ತ ಮುಖಮಾಡಿವೆ. ಆ ನೀರು ಅಶ್ವಥ್ ಹುಟ್ಟಿದ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರು ಶಾಖಾ ಕಾಲುವೆಯಲ್ಲಿ ಹರಿಯುತ್ತದೆ. ಕಾಲುವೆಯ ತುದಿಯಲ್ಲಿರುವ ಕುಣಿಗಲ್ ರೈತರು ತಮ್ಮ ಪಾಲು ತಲುಪುವುದಿಲ್ಲವೆನ್ನುತ್ತಾರೆ. ಆ ಕೊರತೆ ನೀಗಲೆಂದು ಯೋಜಿಸಿದ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯಿಂದ ತಮ್ಮ ಪಾಲು ಕಡಿಮೆಯಾಗುವುದೆಂದು ಗುಬ್ಬಿ, ತುಮಕೂರು ಭಾಗದ ರೈತರು 2024 ಮತ್ತು 2025ರಲ್ಲಿ ಹೋರಾಟ ಮಾಡಿದರು. ಎರಡೂ ಕಡೆಯವರ ತೆಂಗು, ಅಡಿಕೆ ಒಣಗುತ್ತವೆ. ಎರಡೂ ಕಡೆಯ ಅಳಲು ನಿಜ.

ಈ ಜಗಳದಲ್ಲಿ ಬೆಟ್ಟದವರಿಗೆ ಪಾತ್ರವಿಲ್ಲವೆಂದು ತಿಳಿಯಬಾರದು. ಶಿಂಷಾ ನದಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಅದೇ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಕಾಲುವೆ ಬರುವ ಮೊದಲೇ ಮೂರು ಊರುಗಳನ್ನು ಒಂದು ನೀರು ಕಟ್ಟಿಹಾಕಿತ್ತು.

ಲೆಕ್ಕ ಸರಳವಾದುದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಹೆಕ್ಟೇರಿಗೆ 60 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಆವಿಯಾಗಿ, ಗಿಡಮರಗಳಿಗೆ ಉಣಿಸಾಗಿ ಹೋಗುವುದು ಸಹಜ. ಉಳಿದುದು ಕೆರೆಗೆ ಬರಬೇಕಾದರೆ ರಾಜಕಾಲುವೆಗಳು ತೆರೆದಿರಬೇಕು. ಬೆಟ್ಟದ ಮೇಲೆ ಹುಲ್ಲು, ಪೊದೆಗಳಿದ್ದರೆ ನೀರು ನಿಧಾನವಾಗಿ ಇಂಗಿ ಇಳಿಯುತ್ತದೆ. ಬೆಂಕಿ ಬಿದ್ದು ಬೋಳಾದ ಇಳಿಜಾರಿನಿಂದ ಮಣ್ಣೇ ಕೊಚ್ಚಿ ಬಂದು ಕೆರೆಯಲ್ಲಿ ಹೂಳಾಗುತ್ತದೆ. ಹೂಳು ತುಂಬಿದ ಕೆರೆ ಒಳ್ಳೆಯ ಮಳೆಯಲ್ಲೂ ಬೇಗ ಕೋಡಿ ಬೀಳುತ್ತದೆ, ಬೇಸಿಗೆಗೆ ಮೊದಲೇ ಬರಿದಾಗುತ್ತದೆ. ಅದರ ಸುತ್ತ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ಕೆರೆಯ ಬಾಳು ಕಿರಿದಾಗುತ್ತದೆ. ಇದಾವುದನ್ನೂ ಹೇಮಾವತಿಯೊಂದೇ ಸರಿಪಡಿಸಲಾರದು.

ಆದುದರಿಂದ ಹಾಡನ್ನು ಕೈಬಿಡಬೇಕಾಗಿಲ್ಲ. ಷರೀಫರ ಪದವನ್ನು ಹಳೆಯ ಮೈಸೂರಿನವರು ಹಾಡಿದಂತೆ ಕುಣಿಗಲ್ ಕೆರೆಯನ್ನು ಗುಬ್ಬಿಯವರು ಹಾಡಲಿ. ನಾಡಿಗೇ ನಾಟಕದ ಹಾಡುಗಳನ್ನು ಹಂಚಿದ ಗುಬ್ಬಿ ವೀರಣ್ಣನವರ ಊರಿಗೆ ಅದು ಭೂಷಣವೇ. ಆದರೆ ಅಂದೇ ವೇದಿಕೆಯ ಮೇಲೆ ಕಡಬದ ಕೆರೆಯ ಮಾತೂ ಬರಲಿ. ಕುಣಿಗಲ್ಲಿನ ರೈತರಿಗೂ ಕರೆ ಹೋಗಲಿ. ಅವರು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಹಾಡು ಮುಗಿದ ಬಳಿಕ ಇಬ್ಬರೂ ಒಂದೆಡೆ ಕುಳಿತು ತಮ್ಮ ತಮ್ಮ ಊರಿನ ಕೆರೆಗೆ ನೀರು ತರುವ ಹಳ್ಳಗಳಲ್ಲಿ ಎಷ್ಟು ಮುಚ್ಚಿಹೋಗಿವೆ ಎಂದು ಹೆಸರು ಹಿಡಿದು ಪಟ್ಟಿ ಮಾಡಲಿ. ಬೇಸಿಗೆ ಕಾಲಿಡುವ ಮುನ್ನ ಬೆಟ್ಟದ ಊರುಗಳ ಯುವಕರು ಬೆಂಕಿರೇಖೆ ಕಡಿಯಲು ಹೊರಡಲಿ.

ಅರಮನೆ ಮೈದಾನದಲ್ಲಿ ಸೇರಿದಷ್ಟು ಜನ ಗುಬ್ಬಿಯಲ್ಲಿ ಸೇರಬೇಕಾಗಿಲ್ಲ. ಎರಡು ತಾಲ್ಲೂಕುಗಳ ಇನ್ನೂರು ಜನ ಒಂದೇ ಪಲ್ಲವಿಯನ್ನು ಕೂಡಿ ಹಾಡಿದರೆ, ಮರುದಿನ ಕೆರೆಯ ಮಾತನ್ನು ಕೂಡಿ ಆಡುವುದು ಅಷ್ಟೊಂದು ಕಷ್ಟವಾಗದು.