ನೀರು ಸೇದುವವನ ತತ್ತ್ವ

(ಹೈದರಾಬಾದಿನಲ್ಲಿ ಸಂಘದ ರಾತ್ರಿ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲಾ ಮುಚ್ಚಿ, ಭಟ್ಟಿ ಆರಿಸಿ, ಮೈಯ ಬೆವರು ಆರುವ ಮುಂಚೆಯೇ ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಕೆಲವರು ಬೆಳಗಿನ ನಾಲ್ಕಕ್ಕೆ ಮತ್ತೆ ಇಡ್ಲಿ ಪಾತ್ರೆ ಏರಿಸಬೇಕು. ಆದುದರಿಂದ ನಾವು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಚೆನ್ನಾಗಿ ಬಾಳುವುದೆಂದರೇನು ಎಂಬುದರ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟು ಲೋಟ ತೊಳೆಯಲು ನಿಂತವರು. ತತ್ತ್ವ ದೊಡ್ಡವರ ಮಾತು, ನಮಗೇಕೆ ಎಂದು ಮೊದಲು ಹಿಂಜರಿದೆವು. ಓದಿ ನೋಡಿದಾಗ ಬೇರೆಯೇ ತಿಳಿಯಿತು. ಈ ವಿಷಯವನ್ನು ಲೋಕಕ್ಕೆ ಹೇಳಿದವರಲ್ಲಿ ಒಬ್ಬ ಕೂಲಿಯವನು, ಒಬ್ಬ ಗುಲಾಮ.

ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ ಕ್ರಿಸ್ತಪೂರ್ವ ೩೦೦ರ ಸುಮಾರಿಗೆ ಜೀನೊ ಎಂಬಾತನು ಪಾಠ ಹೇಳತೊಡಗಿದನು. ಅವನು ಸೈಪ್ರಸ್ ದ್ವೀಪದವನು. ಹಡಗು ಒಡೆದು ಸರಕೆಲ್ಲ ಮುಳುಗಿದ ಮೇಲೆ ತತ್ತ್ವದ ಕಡೆ ತಿರುಗಿದನೆಂದು ಹೇಳುತ್ತಾರೆ. ಅವನು ಪಾಠ ಹೇಳುತ್ತಿದ್ದುದು ಪೇಟೆಯ ಬದಿಯ ಒಂದು ಕಂಬಸಾಲಿನಲ್ಲಿ. ಅದಕ್ಕೆ ಅವರ ಮಾತಿನಲ್ಲಿ ಸ್ಟೋವಾ ಎಂದು ಹೆಸರು. ಹೀಗಾಗಿ ಅವನ ಹಿಂಬಾಲಕರಿಗೆ ಸ್ಟೋಯಿಕರು ಎಂಬ ಹೆಸರು ಬಂತು.

ಅಲ್ಲಿಗೆ ಕ್ಲಿಯಾಂಥಿಸ್ ಎಂಬ ಜಟ್ಟಿ ಬಂದನು. ಅವನ ಕೈಯಲ್ಲಿದ್ದುದು ನಾಲ್ಕೇ ದ್ರಾಖ್ಮ ನಾಣ್ಯ. ಹಗಲು ಪಾಠ ಕೇಳುವನು. ರಾತ್ರಿ ತೋಟಗಳಿಗೆ ನೀರು ಸೇದುವನು, ಹಿಟ್ಟು ಬೀಸುವನು. ಬರೆದುಕೊಳ್ಳಲು ಹಾಳೆಗೆ ದುಡ್ಡಿಲ್ಲದೆ ಚಿಪ್ಪಿನ ಮೇಲೆ, ಎತ್ತಿನ ಎಲುಬಿನ ಮೇಲೆ ಬರೆದನಂತೆ. ಜೊತೆಯವರು ಮಂದಬುದ್ಧಿಯ ಕತ್ತೆ ಎಂದು ಹಾಸ್ಯಮಾಡುತ್ತಿದ್ದರು. ಹಗಲೆಲ್ಲ ಕುಳಿತಿರುವ ಇವನು ಉಣ್ಣುವುದು ಎಲ್ಲಿಂದ ಎಂದು ಕೊನೆಗೆ ನ್ಯಾಯಸಭೆಗೇ ಕರೆಸಿದರು. ಅವನು ತೋಟದವನನ್ನೂ ಹಿಟ್ಟಿನ ವ್ಯಾಪಾರದ ಹೆಂಗಸನ್ನೂ ಸಾಕ್ಷಿಗೆ ನಿಲ್ಲಿಸಿದನು. ಸಭೆಯವರು ಮೆಚ್ಚಿ ೧೦ ಮಿನ, ಅಂದರೆ ೧,೦೦೦ ದ್ರಾಖ್ಮ ಇನಾಮು ಕೊಡಿಸಲು ಮುಂದಾದರು. ಊರಿಗೆ ಬಂದಾಗ ತಂದಿದ್ದ ದುಡ್ಡಿನ ೨೫೦ ಪಾಲು! ಗುರು ಜೀನೊ ಅದನ್ನು ಮುಟ್ಟಬೇಡವೆಂದನು, ಶಿಷ್ಯನು ಮುಟ್ಟಲಿಲ್ಲ. ಮುಂದೆ ಜೀನೊ ತೀರಿಕೊಂಡಾಗ ಆ ಪೀಠಕ್ಕೆ ಬಂದವನು ಈ ನೀರು ಸೇದುವವನೇ. ಬಹುಕಾಲದ ಮೇಲೆ ಡಯೋಜನೀಸ್ ಲೇರ್ಷಿಯಸ್ ಎಂಬಾತನು ಈ ಕಥೆಗಳನ್ನು ಬರೆದಿಟ್ಟನು.

ಇಂಥ ಮಾತಿಗೆ ಗ್ರೀಸಿನ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ಮುಂಬಯಿ ರಸ್ತೆಯಲ್ಲಿ ಜಹೀರಾಬಾದು, ಹುಮನಾಬಾದು ದಾಟಿ ಹೋದರೆ ಬಸವಕಲ್ಯಾಣ. ೧೯೫೬ರ ನವೆಂಬರ್ ೧ರ ತನಕ ಅದೂ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಾಲದ ಆ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಅದರಲ್ಲೇ ಬಂದವರಿಗೂ ಅನ್ನ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು.

ಸ್ಟೋಯಿಕರೂ ಶರಣರೂ ಒಂದೇ ಎಂದು ನಾವು ಹೇಳುವುದಿಲ್ಲ. ಅವರು ವಿವೇಕದ ದಾರಿಯವರು, ಇವರು ಭಕ್ತಿಯ ದಾರಿಯವರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿತ್ತೆಂಬುದಕ್ಕೂ ಆಧಾರವಿಲ್ಲ. ಆದರೆ ದುಡಿದದ್ದು ಯಾವುದು, ದುಡಿಯದೆ ಬಂದದ್ದು ಯಾವುದು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಈ ಪ್ರಶ್ನೆ ನಮ್ಮ ಮನೆಗೂ ಬಂದಿತ್ತು. ಕೆಲವು ವರ್ಷಗಳ ಕೆಳಗೆ ಒಂದು ಹೋಟೆಲಿನ ಹನ್ನೊಂದು ಮಂದಿಗೆ ರಾತ್ರಿ ಹೆಚ್ಚು ದುಡಿದ ಕೂಲಿ ಬರಬೇಕಾಗಿತ್ತು. ಲೆಕ್ಕ ಬರೆದು ಹಿಡಿದು ನಿಂತವರು ನಾವು. ಒಂದು ಸಂಜೆ ಮಾಲೀಕರ ಕಡೆಯವರೊಬ್ಬರು ಚಹಾಕ್ಕೆ ಕರೆದು, ಮಗಳ ಶಾಲೆಗೆ ಇರಲಿ ಎಂದು ಲಕೋಟೆಯೊಂದನ್ನು ಮುಂದಿಟ್ಟರು. ಅದು ಫೀಜು ಕಟ್ಟುವ ತಿಂಗಳು. ಸುಳ್ಳೇಕೆ ಹೇಳಬೇಕು, ತೆಗೆದುಕೊಂಡೆವು. ಎರಡು ದಿನ ಅದು ಅಕ್ಕಿ ಡಬ್ಬಿಯ ಹಿಂದೆ ಕುಳಿತಿತ್ತು. ಎರಡನೆಯ ರಾತ್ರಿ ನಮ್ಮ ಮನೆಯವರ ಕೈಗೆ ಸಿಕ್ಕಿತು. ಅವರು ಎಣಿಸಲಿಲ್ಲ. "ಇದು ಯಾವ ಪಾಳಿಯ ಸಂಬಳ, ರೀ?" ಎಂದಷ್ಟೇ ಕೇಳಿದರು.

ಬೆಳಿಗ್ಗೆ ಲಕೋಟೆ ಹಿಂದಕ್ಕೆ ಹೋಯಿತು. ಹನ್ನೊಂದು ಮಂದಿಯ ಮುಂದೆಯೂ ನಡೆದುದನ್ನು ಹೇಳಿದೆವು. ಹಿರಿಯ ಅಡಿಗೆಯವರೊಬ್ಬರು, "ಎರಡು ದಿನ ಯಾಕೆ ಇಟ್ಟುಕೊಂಡೆಯಪ್ಪಾ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಲೆಕ್ಕದ ಪುಸ್ತಕ ಅವರ ಕೈಯಲ್ಲಿ. ಫೀಜನ್ನು ಚೀಟಿ ಎತ್ತಿ ಕಟ್ಟಿದೆವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇದ್ದುದರಲ್ಲಿ ತೃಪ್ತಿ ಪಡಿರಿ ಎಂದು ಸಾಹುಕಾರರೂ ನಮಗೆ ಬೋಧಿಸುತ್ತಾರೆ. ಲಕ್ಕಮ್ಮನ ಹೆಸರನ್ನೂ ಹೇಳಿಯಾರು. ಆದರೆ ಲಕ್ಕಮ್ಮ ಅಳತೆ ಹಾಕಿದ್ದು ತನ್ನ ಮಡಿಲಿಗೆ. ನೆರೆಯವರ ಕೂಲಿ ಕಡಿದರೂ ಸುಮ್ಮನಿರಿ ಎಂದು ಅವಳು ಯಾರಿಗೂ ಹೇಳಲಿಲ್ಲ. ಸ್ಟೋಯಿಕರು ಎಣಿಸಿದ ಮುಖ್ಯ ಗುಣಗಳು ನಾಲ್ಕು: ವಿವೇಕ, ಧೈರ್ಯ, ನ್ಯಾಯ, ಸಂಯಮ. ನಮಗೆ ಸಂಯಮವನ್ನು ಮಾತ್ರ ಬಡಿಸಿ ನ್ಯಾಯವನ್ನು ಒಳಗೆ ಮುಚ್ಚಿಟ್ಟರೆ ಅದು ಅರ್ಧ ಊಟ.

ಇನ್ನು ಗುಲಾಮನ ಮಾತು. ಎಪಿಕ್ಟೀಟಸ್ ಕ್ರಿಸ್ತಶಕ ಮೊದಲನೆಯ ಶತಮಾನದವನು, ಇಂದಿನ ತುರ್ಕಿ ದೇಶದಲ್ಲಿ ಹುಟ್ಟಿದವನು. ರೋಮಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಗುಲಾಮನಾಗಿದ್ದನು. ಒಂದು ಕಾಲು ಕುಂಟು. ಬಿಡುಗಡೆಯಾದ ಮೇಲೆ ಪಾಠ ಹೇಳಿದನು. ತಾನೇನೂ ಬರೆಯಲಿಲ್ಲ, ಆರಿಯನ್ ಎಂಬ ಶಿಷ್ಯನು ಅವನ ಮಾತುಗಳನ್ನು ಬರೆದುಕೊಂಡನು. ೧೬೧ರಿಂದ ೧೮೦ರ ವರೆಗೆ ರೋಮನ್ನು ಆಳಿದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಆ ಪಾಠಗಳನ್ನು ಓದಿ ಕಲಿತನು. ಗುಲಾಮನಾಗಿದ್ದವನ ಬಳಿ ಚಕ್ರವರ್ತಿ ಪಾಠ ಕಲಿತನೆಂಬುದನ್ನು ನಾವು ಮರೆಯಬಾರದು.

ಅವನ ಉಪದೇಶದ ತಿರುಳು ನಮ್ಮ ಜಮಾಖರ್ಚಿನ ಹಾಗೆ ಎರಡು ಕಲಮುಗಳದು. ನಮ್ಮ ಎಣಿಕೆ, ನಮ್ಮ ಆಸೆ, ನಮ್ಮ ಪ್ರಯತ್ನ ಇವು ನಮ್ಮ ಕೈಯಲ್ಲಿರುವ ಕಲಮು. ದೇಹಸ್ಥಿತಿ, ಆಸ್ತಿ, ಲೋಕದ ಮಾತು, ಅಧಿಕಾರ ಇವು ನಮ್ಮ ಕೈಯಲ್ಲಿಲ್ಲದ ಕಲಮು. ಮೊದಲನೆಯದನ್ನು ಶುದ್ಧವಾಗಿಡು, ಎರಡನೆಯದಕ್ಕಾಗಿ ಎದೆ ಒಡೆದುಕೊಳ್ಳಬೇಡ ಎಂಬುದೇ ಅವನ ಮತ. ಆದರೆ ಗುಲಾಮಗಿರಿಯೇ ಹೋಗಬೇಕೆಂದು ಸ್ಟೋಯಿಕರು ಚಳವಳಿ ಹೂಡಲಿಲ್ಲ. ಗುಲಾಮನೂ ಮನುಷ್ಯನೆಂದು ಹೇಳಿ ಅಲ್ಲಿಗೆ ನಿಂತರು. ಅದು ಅವರ ಕೊರತೆಯೆಂದು ನಮಗೆ ತೋರುತ್ತದೆ. ಒಬ್ಬನ ಕೈಯಲ್ಲಿಲ್ಲದ್ದು ಹನ್ನೊಂದು ಮಂದಿಯ ಕೈಯಲ್ಲಿ ಇರಬಹುದು. ಎರಡನೆಯ ಕಲಮಿನಿಂದ ಮೊದಲನೆಯ ಕಲಮಿಗೆ ಸ್ವಲ್ಪ ಸ್ವಲ್ಪವಾಗಿ ಬಾಕಿ ತರುವುದೇ ಸಂಘದ ಕೆಲಸ.

ಆ ಹನ್ನೊಂದು ಮಂದಿಯ ಗತಿಯೇನೆಂದು ತಾವು ಕೇಳಬಹುದು. ಏಳು ಮಂದಿಗೆ ಬಾಕಿ ಬಂತು. ನಾಲ್ವರು ಅಷ್ಟರಲ್ಲಿ ಊರು ಬಿಟ್ಟು ಹೋಗಿದ್ದರು, ಅವರಿಗೆ ಸಿಗಲಿಲ್ಲ. ಪೂರ್ತಿ ಗೆದ್ದೆವೆಂದು ಹೇಳಲಾರೆವು. ಆ ಎರಡು ದಿನ ನಾವು ಸುಮ್ಮನಿರದಿದ್ದರೆ ಆ ನಾಲ್ವರಲ್ಲಿ ಒಬ್ಬರಾದರೂ ಸಿಗುತ್ತಿದ್ದರೇನೋ ಎಂಬ ಸಂಕಟ ಈಗಲೂ ಇದೆ. ಸಿಗುವುದು ಬಿಡುವುದು ನಮ್ಮ ಕೈಯಲ್ಲಿರಲಿಲ್ಲ. ಆ ಎರಡು ದಿನ ಮಾತ್ರ ನಮ್ಮ ಕೈಯಲ್ಲೇ ಇದ್ದವು.

ಆದುದರಿಂದ ಬಂಧುಗಳೇ, ಒಂದೇ ಬಿನ್ನಹ. ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಡಿ. ಎಷ್ಟು ಗಂಟೆ ದುಡಿದಿರಿ, ಎಷ್ಟು ಬಂತು ಎಂದು ದಿನದಿನವೂ ಬರೆಯಿರಿ. ಬರೆಯಲು ಬಾರದವರು ಪಕ್ಕದವರಿಂದ ಬರೆಯಿಸಿರಿ. ಕ್ಲಿಯಾಂಥಿಸನಿಗೆ ಎಲುಬೂ ಚಿಪ್ಪೂ ಸಾಕಾಯಿತು. ನಮಗೆ ಹತ್ತು ರೂಪಾಯಿಯ ಪುಸ್ತಕ ಸಾಕು. ಕೇಳುವಾಗ ನಮ್ಮದನ್ನು ಒಂದು ಕಾಸೂ ಬಿಡದೆ ಕೇಳೋಣ. ನಮ್ಮದಲ್ಲದ್ದು ಬಂದರೆ ಒಂದು ರಾತ್ರಿಯೂ ಮನೆಯಲ್ಲಿ ಇಡದಿರೋಣ.

ನಾಲ್ಕಕ್ಕೆ ಏಳಬೇಕಾದವರು ಮೊದಲು ಊಟಕ್ಕೆ ಏಳಿ.