ಕೂಗು ಇಲ್ಲದ ಪಾಳಿ

(ಕಾರ್ಮಿಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಬೇಗ ಹಾಕಿಕೊಂಡು ಬಂದಿರುವ ವರ್ತಕ ಬಂಧುಗಳೇ, ಹಿಂದೆ ನಿಂತೇ ಇರುವ ತಾಯಂದಿರೇ,

ಇಂದು ನಾನು ಬೋನಸ್ಸಿನ ಮಾತಾಡಲು ಬಂದಿಲ್ಲ. ಮನೆಯಲ್ಲಿ ಸೊಸೆ ಬಸುರಿಯಾದರೆ, ಮಗುವಿಗೆ ಚುಚ್ಚುಮದ್ದು ಹಾಕಿಸಬೇಕಾದರೆ, ಮುದುಕರು ಕ್ಷಯದ ಗುಳಿಗೆ ನುಂಗಿದರೋ ಇಲ್ಲವೋ ಎಂದು ನೋಡಬೇಕಾದರೆ ನಿಮ್ಮ ಬಾಗಿಲಿಗೆ ಬರುವ ಒಬ್ಬಾಕೆ ಇದ್ದಾಳಲ್ಲ, ಆಕೆಯ ಮಾತಾಡಲು ಬಂದಿದ್ದೇನೆ. ಆಶಾ ಅಕ್ಕ ಎಂದು ಕರೆಯುತ್ತೀರಿ. ಅದು ಆಕೆಯ ಹೆಸರಲ್ಲ, ಕೆಲಸದ ಹೆಸರು. ಎಷ್ಟೋ ಕೇರಿಗಳಲ್ಲಿ ಆಕೆಯ ಸ್ವಂತ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

2005ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿದಾಗ, ಸಾವಿರ ಜನಕ್ಕೆ ಒಬ್ಬಳಂತೆ ಆಶಾ ಇರಬೇಕೆಂದು ಗೊತ್ತುಮಾಡಿತು. 2013ರ ನಂತರ ಪಟ್ಟಣದ ಕೇರಿಗಳಿಗೂ ಬಂದರು. ಆಕೆ ಅದೇ ಊರಿನಲ್ಲಿ ವಾಸವಾಗಿರಬೇಕು; ಮದುವೆಯಾದವಳೋ, ವಿಧವೆಯೋ, ಗಂಡನನ್ನು ಬಿಟ್ಟವಳೋ ಆದರೆ ಒಳ್ಳೆಯದು ಎಂದು ನಿಯಮ ಹೇಳಿತು. ಅಂದರೆ ತಲೆಯ ಮೇಲೆ ಸಂಸಾರದ ಭಾರ ಇರುವವಳನ್ನೇ ಹುಡುಕಿ ತೆಗೆದುಕೊಂಡರು. ತೆಗೆದುಕೊಂಡು, ನೀನು ನೌಕರಳಲ್ಲ, ಸ್ವಯಂಸೇವಕಿ ಎಂದರು. ಆಕೆಯ ಮಾಮೂಲು ಜೀವನೋಪಾಯಕ್ಕೆ ಅಡ್ಡಿಯಾಗದಷ್ಟು ಕೆಲಸ ಮಾತ್ರ ಕೊಡುತ್ತೇವೆ ಎಂದು ಕಾಗದದಲ್ಲಿ ಬರೆದರು. ಕಾಗದ ಹಾಗೇ ಇದೆ. ಕೆಲಸ ಮಾತ್ರ ವರ್ಷವರ್ಷಕ್ಕೂ ಬೆಳೆಯಿತು.

ಒಂದೇ ಒಂದು ಕೆಲಸದ ಲೆಕ್ಕ ನೋಡೋಣ, ಲೆಕ್ಕ ಬಲ್ಲ ವರ್ತಕರು ಇಲ್ಲಿದ್ದೀರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಕೆ 3ನೆಯ ದಿನ, 7ನೆಯ ದಿನ, 14, 21, 28, ಕೊನೆಗೆ 42ನೆಯ ದಿನ ಮನೆಗೆ ಹೋಗಿ ನೋಡಬೇಕು. ತೂಕ ಹಾಕಬೇಕು, ಮೈಬಿಸಿ ನೋಡಬೇಕು, ತಾಯಿಗೆ ಹಾಲು ಇಳಿದಿದೆಯೇ ಕೇಳಬೇಕು, ಹೊಕ್ಕುಳಿಗೆ ಬೂದಿ ಹಚ್ಚಬೇಡಿ ಎಂದು ಅಜ್ಜಿಯ ಜೊತೆ ವಾದ ಮಾಡಬೇಕು, ಆಮೇಲೆ ಫಾರಂ ತುಂಬಬೇಕು. ಆರು ಭೇಟಿಗೂ ಸೇರಿ ಯೋಜನೆಯಲ್ಲಿ ಗೊತ್ತುಮಾಡಿದ ಹಣ 250 ರೂಪಾಯಿ. ಭೇಟಿಯೊಂದಕ್ಕೆ 42 ರೂಪಾಯಿಯೂ ಬೀಳಲಿಲ್ಲ. ಇದಕ್ಕೆ ಕೂಲಿ ಎನ್ನುವುದಿಲ್ಲ, ಪ್ರೋತ್ಸಾಹಧನ ಎನ್ನುತ್ತಾರೆ. ಕೂಲಿ ಎಂದರೆ ಕಾಯಿದೆ ಬಂದುಬಿಡುತ್ತದೆ, ಅದಕ್ಕೆ.

ನಿಮ್ಮ ದುಡಿತಕ್ಕೆ ಒಂದು ಕೊನೆ ಇದೆ. ಮಿಲ್ಲಿನ ಕೂಗು ಆದರೆ ಪಾಳಿ ಮುಗಿಯಿತು, ಮುಂದಿನವನು ಬಂದು ಮಗ್ಗ ಹಿಡಿಯುತ್ತಾನೆ. ವಾರಕ್ಕೆ 48 ಗಂಟೆ ಮೀರಕೂಡದೆಂದು 1948ರ ಕಾರ್ಖಾನೆ ಕಾಯಿದೆ ಬರೆದದ್ದು ಯಾರ ದಯೆಯಿಂದಲೂ ಅಲ್ಲ, ನಿಮ್ಮ ಹಿರಿಯರು ಹೋರಾಡಿ ಬರೆಸಿದ್ದು. ಆಶಾಳ ಪಾಳಿಗೆ ಕೂಗಿಲ್ಲ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿಕೊಂಡರೆ ಬಸುರಿಯ ಜೊತೆ ಗಾಡಿ ಹತ್ತಬೇಕು. ಬೆಳಗಿನ ಜಾವ ಮನೆಗೆ ಬಂದರೆ ಒಲೆ ಆರಿದೆ, ಮಕ್ಕಳಿಗೆ ಶಾಲೆಯ ಹೊತ್ತಾಗಿದೆ, ಅತ್ತೆಯ ಮುಖ ಗಂಟಾಗಿದೆ. ಒಲೆ ಹೊತ್ತಿಸಿ, ಬುತ್ತಿ ಕಟ್ಟಿ, ಒಂಬತ್ತು ಗಂಟೆಗೆ ಮತ್ತೆ ಸಮೀಕ್ಷೆಯ ಪುಸ್ತಕ ಹಿಡಿದು ಹೊರಡಬೇಕು. ರಾತ್ರಿ ಎದ್ದದ್ದಕ್ಕೆ ಬದಲಿ ರಜೆ ಯಾರು ಕೊಡಬೇಕು? ಸ್ವಯಂಸೇವಕಿಗೆ ರಜೆ ಎಲ್ಲಿಂದ ಬಂತು?

ಹೀಗೆ ವರ್ಷಗಟ್ಟಲೆ ದುಡಿದವರಿಗೆ ಆಗುವುದನ್ನು ಇಂಗ್ಲಿಷಿನವರು ಬರ್ನ್‌ಔಟ್ ಎನ್ನುತ್ತಾರೆ. ಎಣ್ಣೆ ತೀರಿದ ಮೇಲೆ ದೀಪದ ಬತ್ತಿಯೇ ಸುಡುತ್ತದಲ್ಲ, ಹಾಗೆ. ಮೈ ದಣಿಯುತ್ತದೆ, ಹಿಂದೆ ಅಕ್ಕರೆಯಿಂದ ಮಾಡುತ್ತಿದ್ದ ಕೆಲಸವೇ ಬೇಸರವಾಗುತ್ತದೆ, ನನ್ನಿಂದ ಏನೂ ಆಗದು ಎನಿಸುತ್ತದೆ. 1974ರಲ್ಲಿ ಈ ಮಾತನ್ನು ವೈದ್ಯಶಾಸ್ತ್ರದ ಬರಹಕ್ಕೆ ತಂದವರು ಫ್ರಾಯ್ಡನ್‌ಬರ್ಗರ್ ಎಂಬ ನ್ಯೂಯಾರ್ಕಿನ ಮನೋವಿಜ್ಞಾನಿ. ಯಾರನ್ನು ನೋಡಿ ಬರೆದರು ಗೊತ್ತೇ? ಪುಕ್ಕಟೆ ಚಿಕಿತ್ಸಾಲಯದಲ್ಲಿ ಸ್ವಯಂಸೇವೆ ಮಾಡುತ್ತಿದ್ದವರನ್ನು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದು ಕೆಲಸದ ಒತ್ತಡದಿಂದ ಹುಟ್ಟುವುದು, ರೋಗವಲ್ಲ ಎಂದು ತನ್ನ ಪಟ್ಟಿಯಲ್ಲಿ ಬರೆಯಿತು. ರೋಗವಾದರೆ ಮದ್ದು ಅರೆಯಬಹುದು. ಕೆಲಸದಿಂದ ಬಂದದ್ದಾದರೆ ಕೆಲಸವನ್ನೇ ಸರಿಮಾಡಬೇಕು. ಆದರೆ ಇವರಿಗೆ ಸಿಗುವ ಬುದ್ಧಿವಾದ ಏನು? ಯೋಗ ಮಾಡಮ್ಮ, ಮನೆ ಕೆಲಸ ಎರಡನ್ನೂ ತೂಗಿಸಿಕೊಂಡು ಹೋಗಮ್ಮ ಎಂದು. ತಕ್ಕಡಿಯ ಎರಡು ತಟ್ಟೆಗೂ ಕಲ್ಲು ಹೇರುತ್ತಾ ಹೋದರೆ ಹಿಡಿದ ಕೈ ಎಷ್ಟು ಹೊತ್ತು ತಡೆದೀತು?

ಆಸ್ಪತ್ರೆಯ ದಾದಿಯರ ಪಾಡೂ ಬೇರೆಯಲ್ಲ. ಖಾಸಗಿ ಆಸ್ಪತ್ರೆಯ ದಾದಿಯರ ಸಂಬಳದ ಬಗ್ಗೆ ಸುಪ್ರೀಂ ಕೋರ್ಟಿನ ಮಾತಿನಂತೆ 2016ರಲ್ಲಿ ಸಮಿತಿ ಕೂತು, 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯಲ್ಲಿ ಸರ್ಕಾರಿ ದಾದಿಯಷ್ಟೇ ಕೊಡಿ, 50 ಹಾಸಿಗೆಗಿಂತ ಚಿಕ್ಕದರಲ್ಲೂ 20,000ಕ್ಕೆ ಕಡಿಮೆ ಬೇಡ ಎಂದಿತು. ನಿಮ್ಮ ಬೀದಿಯ ನರ್ಸಿಂಗ್ ಹೋಮಿನ ಹುಡುಗಿಯನ್ನು ಕೇಳಿ ನೋಡಿ, ಎಷ್ಟು ಸಿಗುತ್ತದೆ ಎಂದು.

ಕೂತು ಸಹಿಸಿದವರಲ್ಲ ಇವರು. 2020ರಲ್ಲಿ ಕೋವಿಡ್ ಹಬ್ಬಿದ್ದಾಗ ಮನೆಮನೆ ಸುತ್ತಿದ ಇವರ ಮೇಲೆ ಹೂ ಚೆಲ್ಲಿದರು. ಅದೇ ಜುಲೈಯಲ್ಲಿ ನಮ್ಮ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲಿರುಳು ಕೂತರು. ಏಪ್ರಿಲಿನಿಂದ 10,000 ಎಂಬ ಭರವಸೆ ಬಂತು. ಆ ಭರವಸೆ ಎಲ್ಲಿ ಎಂದು ಕೇಳಲು ಆಗಸ್ಟಿನಲ್ಲಿ ಮತ್ತೆ ಕೂತರು. ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಒಪ್ಪಿ, ಕನಿಷ್ಠ ಕೂಲಿ ಕೊಡಿ ಎಂದು 2013ರಲ್ಲೇ ಭಾರತ ಕಾರ್ಮಿಕ ಸಮ್ಮೇಳನ ಹೇಳಿತ್ತು. ಆ ಸಮ್ಮೇಳನದಲ್ಲಿ ಸರ್ಕಾರವೂ ಇತ್ತು, ಮಾಲೀಕರೂ ಇದ್ದರು.

ಸರ್ಕಾರವನ್ನು ಬೈದಾಗ ನೀವು ಚಪ್ಪಾಳೆ ತಟ್ಟಿದಿರಿ. ಇನ್ನೊಂದು ಮಾತಿದೆ, ಅದಕ್ಕೆ ತಟ್ಟುತ್ತೀರೋ ಇಲ್ಲವೋ. 2024ರಲ್ಲಿ ಕೇಂದ್ರ ಸರ್ಕಾರ ಜನರ ಹೊತ್ತು ಹೇಗೆ ಕಳೆಯುತ್ತದೆ ಎಂದು ಸಮೀಕ್ಷೆ ಮಾಡಿತು. ಮನೆಗೆಲಸಕ್ಕೆ ಕೈಹಾಕುವ ಹೆಂಗಸಿಗೆ ದಿನಕ್ಕೆ 289 ನಿಮಿಷ ಹಿಡಿಯುತ್ತದೆ, ಕೈಹಾಕುವ ಗಂಡಸಿಗೆ 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ 88ರೊಳಗೆ ಇಲ್ಲ. ಅವರನ್ನೂ ಸೇರಿಸಿದರೆ ಎಷ್ಟಕ್ಕೆ ಇಳಿಯುತ್ತದೋ, ಲೆಕ್ಕದ ಮೇಷ್ಟ್ರಾಗಿದ್ದ ನನಗೇ ಅದನ್ನು ಹಲಗೆಯ ಮೇಲೆ ಬರೆಯಲು ಸಂಕೋಚ.

ಧರಣಿ ಕೂತ ಒಬ್ಬಾಕೆ ಹೇಳಿದರು: ಘೋಷಣೆ ಕೂಗುತ್ತಿದ್ದಾಗ ಗಂಡನ ಫೋನು ಬಂತಂತೆ. ಸಾರಿನ ಪುಡಿ ಯಾವ ಡಬ್ಬಿಯಲ್ಲಿದೆ ಎಂದು. ಆತನೂ ಯೂನಿಯನ್ನಿನವನೇ, ಮುಷ್ಕರ ಮಾಡಿ ಜೈಲಿಗೆ ಹೋದವನು. ಆಗ ಆತನಿಗೆ ಬುತ್ತಿ ತಂದುಕೊಟ್ಟವಳು ಈಕೆ.

ಈ ಊರಿನ ಆಶಾಗಳು ಮುಂದೆ ಯಾವಾಗ ಧರಣಿ ಕೂತರೂ, ಪಾಳಿ ಮುಗಿಸಿದ ಮಿಲ್ಲಿನವರು ಸರದಿಯಂತೆ ಅವರ ಪೆಂಡಾಲಿಗೆ ಹೋಗಿ ಕೂರಬೇಕು ಎಂದು ಇವತ್ತೇ ಗೊತ್ತುಮಾಡಿಕೊಳ್ಳೋಣ. ಅಂಗಡಿಯವರು ಅಕ್ಕಿ ಬೇಳೆ ಕೊಡುತ್ತೇವೆ ಎಂದಿದ್ದಾರೆ, ಸಂತೋಷ. ಅಡಿಗೆ ಮಾಡುವವರು ಯಾರು ಎಂದು ಇನ್ನೂ ಯಾರೂ ಹೇಳಿಲ್ಲ. ಗಂಡಸರ ಹೆಸರು ಮಾತ್ರ ಬರೆದುಕೊಳ್ಳುತ್ತೇನೆ. ಪುಸ್ತಕ ಇಲ್ಲೇ ಮೇಜಿನ ಮೇಲಿದೆ.