ಮಕ್ಕಳ ಕಣ್ಣಿಗೂ ಒಂದು ಪಾಠ ಬೇಕು
(ಜುಮಾ ಪ್ರವಚನದ ಸಾರಾಂಶ)



ನಮ್ಮ ಮಕ್ತಬ್‌ನ ಮಕ್ಕಳಿಗೆ ಅನ್ನಹ್ಲ್, ಅನ್ನಮ್ಲ್, ಅಲ್‌ಅನ್ಕಬೂತ್ ಎಂಬ ಹೆಸರುಗಳು ಬಾಯಿಪಾಠ. ಜೇನುನೊಣ, ಇರುವೆ, ಜೇಡ. ಅಲ್ಲಾಹನು ತನ್ನ ಗ್ರಂಥದ ಅಧ್ಯಾಯಗಳಿಗೆ ಹೆಸರಾಗಿಸಿದ ಜೀವಿಗಳಿವು. ಜೇನು ಎಲ್ಲಿ ಗೂಡು ಕಟ್ಟುತ್ತದೆ ಎಂದು ಕೇಳಿದೆವು. "ಮೊಬೈಲ್‌ನ್ಯಾಗ ನೋಡೀನ್ರಿ ಹಜರತ್" ಎಂದ ಒಬ್ಬ ಹುಡುಗ. ಬೆಟ್ಟ, ಮರ, ಮನುಷ್ಯರು ಕಟ್ಟಿದ ಕಟ್ಟಡ ಎಂದು ಅನ್ನಹ್ಲ್ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಅವನಿಗೆ ಅದು ಕಂಠಪಾಠವೂ ಹೌದು. ಕಣ್ಣಿನಿಂದ ಮಾತ್ರ ಕಂಡಿಲ್ಲ.

ಅಲ್‌ಗಾಶಿಯಾ ಅಧ್ಯಾಯದಲ್ಲಿ ಒಂಟೆಯನ್ನು, ಆಕಾಶವನ್ನು, ಪರ್ವತಗಳನ್ನು, ಭೂಮಿಯನ್ನು ಅವರು ನೋಡುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಗಮನಿಸಿ, ಅಲ್ಲಿ ಕೇಳಿದ್ದು ನೋಡುವುದನ್ನು. ಆದ್ದರಿಂದಲೇ ತಿಂಗಳಿಗೆ ಒಂದು ರವಿವಾರ ಮಕ್ತಬ್ ಅನ್ನು ಬಯಲಿಗೆ ಒಯ್ಯಬೇಕೆಂದು ನಾವು ಯೋಚಿಸಿದ್ದೇವೆ. "ಸಬಕ್ ಬಿಟ್ಟು ಹೊಲ ತಿರುಗಿಸ್ತೀರೇನು?" ಎಂದು ಕೆಲವು ಹಿರಿಯರು ಕೇಳಿದರು. ಅವರ ಕಾಳಜಿ ಸುಳ್ಳಲ್ಲ, ಸಮಯ ನಿಜವಾಗಿಯೂ ಕಡಿಮೆ. ಆದರೆ ಅರ್ಥ ತಿಳಿಯಲು ಹೋಗುವುದು ಸಬಕ್ ಬಿಟ್ಟಂತೆ ಹೇಗಾಗುತ್ತದೆ?

ನಾವು ದೂರ ಹೋಗಬೇಕಾಗಿಲ್ಲ. ಮಕ್ಕಾ ದರ್ವಾಜಾದ ಹತ್ತಿರ ತಾಜ್ ಬಾವಡಿ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ್ದು. ತಿಕೋಟಾ ರಸ್ತೆಯ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ತಂದಿದ್ದರು. ಪಂಪಿಲ್ಲ, ಕರೆಂಟಿಲ್ಲ. ನೆಲದ ಇಳಿಜಾರೇ ನೀರನ್ನು ಎಳೆದು ತಂದಿತು. ನಡುನಡುವೆ ಗಾಳಿಗಾಗಿ, ಹೂಳು ತೆಗೆಯುವುದಕ್ಕಾಗಿ ಬಾವಿಯಂಥ ಕಿಂಡಿಗಳು. ಬಬಲೇಶ್ವರದ ಕಡೆ ಹೋದರೆ ಮಮದಾಪುರದ ಕೆರೆ, ಅದೂ ಆದಿಲ್‌ಶಾಹಿ ಕಾಲದ್ದೇ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಒಂದೊಂದು ಹನಿಗೂ ಲೆಕ್ಕ ಇಟ್ಟವರು ಆ ಜನ. ಆ ಮೆಟ್ಟಿಲ ಮೇಲೆ ನಿಂತ ಮಗುವಿಗೆ, ಹರಿಯುವ ನದಿಯ ದಡದಲ್ಲಿದ್ದರೂ ವುಝೂ ಮಾಡುವಾಗ ನೀರು ಪೋಲು ಮಾಡಬೇಡಿ ಎಂದ ಪ್ರವಾದಿವರ್ಯರ(ಸ) ಮಾತನ್ನು ತಿಳಿಸಿ. ಬೇರೆ ವಿವರಣೆ ಬೇಕಾಗುವುದಿಲ್ಲ. (ದೊಡ್ಡವರೂ ಬರಬಹುದು. ನಮ್ಮ ಹೌಜಿನ ನಲ್ಲಿಗಳ ಸದ್ದು ಖುತ್ಬಾದ ನಡುವೆಯೂ ಕೇಳಿಸುತ್ತದೆ.)

ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ನಮ್ಮ ಎಷ್ಟೋ ಮನೆಗಳ ಬೀಗರು, ಕಾಕಾಗಳು ದುಡಿಯುತ್ತಾರೆ. ಚಾಟನಿ ಯಾವಾಗ ಮಾಡುತ್ತಾರೆ, ಹಣ್ಣು ಒಣದ್ರಾಕ್ಷಿ ಆಗುವುದು ಹೇಗೆ ಎಂದು ಅವರಿಂದಲೇ ಮಕ್ಕಳು ಕೇಳಲಿ. ಔಷಧ ಹೊಡೆದ ದಿನ ಮಾತ್ರ ತೋಟಕ್ಕೆ ಕಾಲಿಡಕೂಡದು. ಮಾಲೀಕರ ಅನುಮತಿ ಇಲ್ಲದೆ ಒಂದು ಹಣ್ಣನ್ನೂ ಮುಟ್ಟಕೂಡದು. ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾರದು. ಹೊಂಡ, ಬಾವಿ, ಬಾವಡಿಯ ಬಳಿ ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಬಾವಿಯ ಮೇಲೆ ಬಾಗಿದ ಜಾಲಿ ಗಿಡದಲ್ಲಿ ಗೀಜಗನ ಗೂಡುಗಳು ಜೋತಾಡುತ್ತವೆ. ಹುಡುಗರ ಕೈಗೆ ಮೊದಲು ಬರುವುದು ಕಲ್ಲು. ಒಂದು ಪ್ರಯಾಣದಲ್ಲಿ ಕೆಲವು ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ಹಿಡಿದಿದ್ದರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿವರ್ಯರು(ಸ), ಇದರ ಮರಿಗಳಿಂದ ಇದನ್ನು ನೋಯಿಸಿದವರು ಯಾರು ಎಂದು ಕೇಳಿ, ಮರಿಗಳನ್ನು ಹಿಂತಿರುಗಿಸಲು ಹೇಳಿದರು. ಅಬೂ ದಾವೂದ್‌ನಲ್ಲಿ ಈ ವರದಿ ಇದೆ. ಇರುವೆಗಳ ಗೂಡು ಸುಟ್ಟದ್ದನ್ನು ಅವರು ಆಕ್ಷೇಪಿಸಿದ್ದೂ ಅದೇ ವರದಿಯಲ್ಲಿದೆ. ಈ ಹದೀಸನ್ನು ಗೂಡಿನ ಕೆಳಗೆ ನಿಂತು ಕೇಳಿದ ಹುಡುಗ ಕಲ್ಲನ್ನು ಕೆಳಗೆ ಹಾಕುತ್ತಾನೆ. ಕೋಣೆಯೊಳಗೆ ಕೇಳಿದವನ ಬಗ್ಗೆ ನಮಗೆ ಅಷ್ಟು ಭರವಸೆ ಇಲ್ಲ.

ಇನ್ನು ಸಸಿಗಳ ಮಾತು. ನಮ್ಮ ಜಿಲ್ಲೆಯ ಅರಣ್ಯ ನೂರಕ್ಕೆ ಒಂದು ಪಾಲೂ ಇಲ್ಲ. 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದದ್ದು ಇದೇ ಕಾರಣಕ್ಕೆ. ಸಸಿ ನೆಟ್ಟ ಫೋಟೊಗಳು ಜೂನ್‌ನಲ್ಲಿ ವಾಟ್ಸ್‌ಆ್ಯಪ್ ತುಂಬುತ್ತವೆ. ಏಪ್ರಿಲ್‌ನ ಬಿಸಿಲಿನಲ್ಲಿ ಅದೇ ಸಸಿಯ ಫೋಟೊ ಯಾರೂ ಹಾಕುವುದಿಲ್ಲ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪಶು, ಪಕ್ಷಿ ಯಾರು ತಿಂದರೂ ಅವನಿಗೆ ಸದಕಾದ ಪುಣ್ಯವಿದೆ ಎಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ತಿನ್ನುವಷ್ಟು ಬೆಳೆಯಬೇಕಲ್ಲ! ಆದ್ದರಿಂದ ಮಗುವಿಗೆ ಒಂದೇ ಸಸಿ, ಎರಡು ಬೇಸಿಗೆಯವರೆಗೆ ನೀರಿನ ಹೊಣೆಯೂ ಅದರದೇ. ವುಝೂ ನೀರು ಚರಂಡಿಗೆ ಹೋಗದೆ ಮಸೀದಿಯ ಗಿಡಗಳಿಗೆ ಹರಿಯುವಂತೆ ಪೈಪ್ ಹಾಕಿಸಲು ಕಮಿಟಿಯವರು ಒಪ್ಪಿದ್ದಾರೆ.

ಹೆಣ್ಣುಮಕ್ಕಳ ಬಗ್ಗೆಯೂ ಕೇಳಿದ್ದಾರೆ. ಅವರೂ ಬರುತ್ತಾರೆ. ಮಕ್ತಬ್‌ನ ಆಪಾ ಮತ್ತು ಇಬ್ಬರು ತಾಯಂದಿರು ಜೊತೆಗಿರುತ್ತಾರೆ. ಮುಂದೆ ಮನೆಯಲ್ಲಿ ನೀರು ಉಳಿಸುವವರು, ಮಕ್ಕಳಿಗೆ ಕಲಿಸುವವರು ಅವರೇ ಅಲ್ಲವೇ?

ಮೊದಲ ರವಿವಾರ ತಾಜ್ ಬಾವಡಿ, ಮುಂದಿನ ತಿಂಗಳು ತಿಕೋಟಾ. ಫಜ್ರ್ ಆದ ಕೂಡಲೇ ಹೊರಟು ಬಿಸಿಲೇರುವ ಮೊದಲು ಮರಳುತ್ತೇವೆ. ಟೋಪಿ, ನೀರಿನ ಬಾಟಲಿ, ಒಂದು ನೋಟ್‌ಬುಕ್ ಸಾಕು. ಮೊಬೈಲ್ ಮನೆಯಲ್ಲೇ ಇರಲಿ. ಜೊತೆಗೆ ಬರಬಲ್ಲ ತಂದೆಯಂದಿರು ಇಂದು ಅಸ್ರ್ ನಮಾಝ್ ನಂತರ ಮುಅಝ್ಝಿನ್ ಸಾಹೇಬರ ಬಳಿ ಹೆಸರು ಬರೆಸಬೇಕು.